ದೊಡ್ಡಮ್ಮನ ಕೈಗೆ ಕಟ್ಟಿದ ಚಿಪ್

"ನೀನು ಅದೇನೇ ಕೆಲ್ಸ ಮಾಡೋದು?" ಅಂತ ದೊಡ್ಡಮ್ಮ ವರ್ಷಕ್ಕೊಂದು ಸಲ ಕೇಳುತ್ತಾಳೆ. ನಾನು ವರ್ಷಕ್ಕೊಂದು ಥರ ಉತ್ತರ ಕೊಡುತ್ತೇನೆ. ನಿಜ ಹೇಳಬೇಕೆಂದರೆ, ಅರಸೀಕೆರೆ ಸ್ಟೇಷನ್ ಹತ್ತಿರ ಮಹಡಿ ಮೇಲಿನ ಒಂದು ರೂಮಿನಲ್ಲಿ ಕೂತು, ಉಗುರಿನಷ್ಟಗಲದ ಚಿಪ್‌ನೊಳಗೆ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ನಡೆಯುವ ಹಾಗೆ ಮಾಡುತ್ತೇನೆ. ಪೈಥಾನ್ ಬರೆಯೋದು ಸುಲಭ. ಬರೆದದ್ದನ್ನು ಓದಿ ನಡೆಸೋಕೆ ಒಳಗೆ ಇನ್ನೊಂದು ಪ್ರೋಗ್ರಾಂ ಬೇಕು, ಇಂಟರ್‌ಪ್ರಿಟರ್ ಅಂತ. ಕಂಪ್ಯೂಟರಿನಲ್ಲಾದರೆ ಅದು ಕಾಲು ಚಾಚಿ ಮಲಗುತ್ತೆ, ಚಿಪ್‌ನಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಹಾಗೆ ಕೂರಿಸೋದೇ ನನ್ನ ಹೊಟ್ಟೆಪಾಡು.

ದೊಡ್ಡಮ್ಮ ನಮ್ಮಮ್ಮನ ಅಕ್ಕ. ಇರೋದು ಹಳೇಬೀಡು ರಸ್ತೆಯ ಒಂದು ಹಳ್ಳಿಯಲ್ಲಿ, ತೆಂಗಿನ ತೋಟದ ಮನೆ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಅಂತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟುಕೊಂಡು ಉಂಡೆಯಾಗಬೇಕು. ಆಯ್ತೋ ಇಲ್ಲವೋ ತಿಳಿಯೋದು ಕಿವಿಯಿಂದಲೇ. ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಕುಳುಕ್ ಅಂದರೆ, ಇಲ್ಲಾ ಸದ್ದೇ ಬರದಿದ್ದರೆ, ವಾಪಸ್ ಅಟ್ಟಕ್ಕೆ. ಅವಸರಪಟ್ಟು ಒಡೆದರೆ ಉಂಡೆ ಹೋಗಿ ಚೂರಾಗುತ್ತೆ.

ಆ ಮನೆಯಲ್ಲಿ ಅಲ್ಲಾಡಿಸಿ ಹೇಳೋಳು ದೊಡ್ಡಮ್ಮ. ಬೇರೆ ಯಾವುದರಲ್ಲೂ ಅವಳ ಮಾತು ನಡೆಯಲ್ಲ. ಜಮೀನು, ಮದುವೆ ಮಾತುಕತೆ, ಮಠಕ್ಕೆ ಏನು ಕೊಡಬೇಕು ಅನ್ನೋದು, ಎಲ್ಲಾ ಗಂಡಸರದ್ದೇ. ಕಾಯಿ ಇಳಿಸೋ ವಾರ ಮಾತ್ರ ದೊಡ್ಡಪ್ಪ ಬಾಯಿ ಮುಚ್ಚಿಕೊಂಡು ಜಗಲಿ ಮೇಲೆ ಕೂರುತ್ತಾರೆ.

ಹೋದ ವರ್ಷ ಹಬ್ಬಕ್ಕೆ ಹೋದಾಗ ಅವಳ ಬೆನ್ನ ಹಿಂದೆ ನಿಂತು ಮೂರು ಸಲ ಕೂಗಿದೆ. ತಿರುಗಲಿಲ್ಲ. ಭುಜ ಮುಟ್ಟಿದರೆ ಬೆಚ್ಚಿಬಿದ್ದಳು. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವಳೇ ಬಾಯಿಬಿಟ್ಟಳು. "ಎರಡೊರ್ಷ ಆಯ್ತು ಕಣೆ. ಕಾಯಿ ತೂಕ ನೋಡ್ಕಂಡು ಹೇಳ್ತಾ ಇವ್ನಿ. ಯಾರ್ಗಾರ ಹೇಳೀಯ ಜೋಕೆ." ಕಿವಿಗೆ ಮಿಷನ್ ಹಾಕಿಸ್ತೀನಿ ಅಂದೆ. "ಹಾಕ್ಕಂಡ್ರೆ ಕಿವುಡಿ ಅಂತ ಊರಿಗೆಲ್ಲಾ ನಾನೇ ಸಾರ್ದಂಗೆ. ಆಮ್ಯಾಕೆ ನನ್ನ ಯಾರು ಕೇಳ್ತಾರೆ?" ಯಾರಿಗೂ ಕಾಣದ ಹಾಗೆ ಕಾಯಿ ಸದ್ದು ತಿಳಿಸೋ ಮಿಷನ್ನೊಂದನ್ನಾದರೂ ನಾನು ಮಾಡಿಕೊಡದಿದ್ದರೆ ಓದಿದ್ದು ಯಾತಕ್ಕೆ?

ವಾಚಿನಷ್ಟು ಡಬ್ಬಿ, ಒಳಗೆ ಚಿಪ್, ಒಂದು ಪುಟಾಣಿ ಮೈಕು, ಮೊಬೈಲಿನಲ್ಲಿ ಗುರ್ ಅನ್ನುತ್ತಲ್ಲ ಅಂಥದ್ದೊಂದು ಮೋಟರು. ಮಣಿಕಟ್ಟಿಗೆ ಕಟ್ಟಿಕೊಂಡು ಕಾಯಿ ಅಲ್ಲಾಡಿಸಬೇಕು. ಒಣಗಿದ್ದರೆ ಒಂದು ಸಲ ಗುರ್, ಹಸಿಯಾಗಿದ್ದರೆ ಎರಡು ಸಲ. ಯಾರಿಗೂ ಕಾಣಲ್ಲ.

ಮೊದಲು ಮಾಡಿದ್ದು ಮೂರು ಕಾಯಿಗೆ ಒಂದು ತಪ್ಪು ಹೇಳುತ್ತಿತ್ತು. ಇಂಟರ್‌ಪ್ರಿಟರ್ ತಾನು ಬಳಸಿ ಬಿಸಾಕಿದ ಜಾಗವನ್ನು ಆಗಾಗ ನಿಂತು ಗುಡಿಸುತ್ತೆ, ಗುಡಿಸುವಷ್ಟು ಹೊತ್ತು ಕೇಳಿಸಿಕೊಳ್ಳಲ್ಲ. ಸರಿಯಾಗಿ ಅದೇ ಹೊತ್ತಿಗೆ ಗಡಗಡ ಅಂದುಬಿಟ್ಟರೆ ಹೋಯ್ತು. "ನಿನ್ ಮಿಷನ್ನೂ ಕಿವುಡೇ ಏನೇ?" ಅಂತ ದೊಡ್ಡಮ್ಮ ಬಿದ್ದು ಬಿದ್ದು ನಕ್ಕಳು. ಎರಡು ವಾರ ಕೂತೆ. ಸದ್ದು ತುಂಬಿಕೊಳ್ಳೋಕೆ ಶುರುವಿನಲ್ಲೇ ಒಂದು ಜಾಗ ಕಾಯಂ ಮಾಡಿದೆ. ಕೇಳಿಸಿಕೊಳ್ಳೋ ಭಾಗವನ್ನು ಪೈಥಾನ್‌ನಿಂದ ಕಿತ್ತು ಇಂಟರ್‌ಪ್ರಿಟರ್ ಹಂಗಿಲ್ಲದೆ ನಡೆಯೋ ಸಿ ಭಾಷೆಗೆ ಹಾಕಿದೆ. ಕಾಯಿ ಕೆಳಗಿಟ್ಟ ಮೇಲೆ ಗುಡಿಸು ಅಂತ ಕಟ್ಟುನಿಟ್ಟು ಮಾಡಿದೆ. ನಲವತ್ತು ಕಾಯಿ ಮೇಜಿನ ಮೇಲೆ ಸುರಿದುಕೊಂಡು ಪರೀಕ್ಷೆ ಮಾಡಿದರೆ ಒಂದೂ ತಪ್ಪಲಿಲ್ಲ.

ಅಲ್ಲಿಗೆ ಸುಮ್ಮನಿರಬೇಕಿತ್ತು. ನನ್ನ ಚಟ ಬಿಡಬೇಕಲ್ಲ! ಪ್ರತಿ ಕಾಯಿ ಏನು ಸದ್ದು ಮಾಡಿತು ಅಂತ ಒಂದೊಂದು ಸಾಲು ಉಳಿಸಿಕೊಳ್ಳೋ ಹಾಗೆ ಬರೆದೆ. ಆಮೇಲೆ ಚಂದದ ಗ್ರಾಫ್ ಮಾಡಿ ಕೆಲಸ ಕೊಡೋರಿಗೆ ತೋರಿಸೋ ಆಸೆ. ಅಟ್ಟದ ಮೇಲೆ ಕಾಯಿ ಸಾವಿರಗಟ್ಟಲೆ ಇರುತ್ತೆ ಅನ್ನೋದು, ಆ ಅಟ್ಟದ ಕೆಳಗೇ ಆಡಿ ಬೆಳೆದ ನನಗೆ ಹೊಳೆಯಲಿಲ್ಲ.

ಕಾಯಿ ಇಳಿಸೋ ದಿನ ಬೆಳಿಗ್ಗೆ ಬಸ್ಸಿಗೇ ಹೋದೆ. ಅಂಗಳದಲ್ಲಿ ಕಾಯಿ ಸುಲಿಯೋರು ಐದು ಜನ. ಅವರಲ್ಲಿ ಹಿರಿಯ ಅಂದರೆ ಮೊದಲಿಂದಲೂ ಈ ಮನೆಗೇ ಬರೋ ಒಬ್ಬ ಮುದುಕ. "ಏನವ್ವಾ, ಈ ಸಲ ವಾಚ್ ಕಟ್ಕಂಡು ಟೈಮ್ ನೋಡೀರಾ?" ಅಂತ ರೇಗಿಸಿದ. "ನಿಂಗೆ ಬೀಡಿ ಸೇದಕ್ಕೆ ಎಷ್ಟೊತ್ತು ಬೇಕು ಅಂತ ನೋಡ್ಬೇಕು ಕಣಯ್ಯಾ," ಅಂದಳು ದೊಡ್ಡಮ್ಮ. ಅವನ ತುಟಿ ನೋಡಿಯೇ ಅರ್ಥ ಮಾಡಿಕೊಂಡಿದ್ದಳು.

ಸುಮಾರು ಇನ್ನೂರು ಕಾಯಿ ಸಲೀಸಾಗಿ ಹೋಯ್ತು. ಅವಳು ಕಿವಿ ಹತ್ತಿರ ಹಿಡಿದು ಅಲ್ಲಾಡಿಸೋಳು, ಒಂದು ಗಳಿಗೆ ತಡೆದು "ಹೂಂ" ಇಲ್ಲಾ "ಊಹೂಂ" ಅನ್ನೋಳು. ಮುಖದಲ್ಲಿ ಹಳೇ ಠೀವಿ. ನಾನು ಒಳಗೊಳಗೇ ಉಬ್ಬಿಹೋಗಿದ್ದೆ. ಆಮೇಲೆ ಒಂದು ಕಾಯಿ ಅಲ್ಲಾಡಿಸಿ ಸುಮ್ಮನೆ ನಿಂತಳು. ಮತ್ತೆ ಅಲ್ಲಾಡಿಸಿದಳು. ನನ್ನ ಕಡೆ ನೋಡಿದಳು.

ನನಗೆ ತಕ್ಷಣ ಗೊತ್ತಾಯ್ತು. ಉಳಿಸಿಟ್ಟ ಸಾಲುಗಳೆಲ್ಲಾ ಸೇರಿ ಜಾಗ ಭರ್ತಿಯಾಗಿ ಇಂಟರ್‌ಪ್ರಿಟರ್ ನಿಂತುಹೋಗಿತ್ತು. ಆಫ್ ಮಾಡಿ ಆನ್ ಮಾಡಿದರೆ ಸಾಕು, ಮತ್ತೆ ಶುರುವಾಗುತ್ತೆ. ಎದ್ದು ಓಡಿದೆ. ಅವಳು ಕೈ ಅಡ್ಡ ಹಿಡಿದಳು. "ಬಿಡು, ಸಾಕು," ಅಂದಳು. ಆಮೇಲೆ ಎಲ್ಲರ ಮುಂದೆ, "ನಂಗೆ ಕಿವಿ ಕೇಳ್ಸಕಿಲ್ಲ ಕಣ್ರಪ್ಪಾ. ಇದೇ ಹೇಳ್ತಿತ್ತು, ಇದೂ ಕೈ ಕೊಡ್ತು."

ಅಯ್ಯೋ ಶಿವನೇ, ನೆಲ ಬಾಯಿಬಿಡಬಾರದಾ ಅನ್ನಿಸಿತು ನನಗೆ.

ಮುದುಕ ಮಚ್ಚು ಕೆಳಗಿಟ್ಟ. "ನಮ್ಗೆ ಗೊತ್ತು ಬುಡವ್ವಾ."

ದೊಡ್ಡಮ್ಮನಿಗೆ ಕೇಳಿಸಲಿಲ್ಲ. ಅವನು ಎದುರಿಗೆ ಬಂದು, ಬಾಯಿ ಕಾಣೋ ಹಾಗೆ ನಿಂತು ಹೇಳಿದ. ಮೂರು ವರ್ಷದಿಂದ ಅವಳು ಪಾಸು ಮಾಡಿದ ಕಾಯನ್ನು ಇವರು ಹಿಂದೆ ಕೂತು ಇನ್ನೊಂದು ಸಲ ಅಲ್ಲಾಡಿಸುತ್ತಿದ್ದರಂತೆ. ಹಸಿ ಇದ್ದದ್ದನ್ನು ಚೀಲದಲ್ಲಿ ಹಾಕಿ ಸಂಜೆ ಅಟ್ಟಕ್ಕೆ ಸೇರಿಸುತ್ತಿದ್ದರಂತೆ.

"ಮೂರೊರ್ಷ ನನ್ ಮುಂದೇನೇ ನಾಟ್ಕ ಆಡಿದ್ದೀರಾ?" ಅಂದಳು ದೊಡ್ಡಮ್ಮ.

"ನೀವು ಆಡ್ತಿದ್ರಿ, ನಾವೂ ಆಡುದ್ವಿ," ಅಂದ ಮುದುಕ.

ಜಗಲಿ ಮೇಲೆ ದೊಡ್ಡಪ್ಪ ಎದ್ದು ನಿಂತು, ಇನ್ನು ತಾನೇ ಇಳಿದು ಬರಬೇಕು ಅನ್ನೋ ಹಾಗೆ ಚಪ್ಪಲಿ ಹುಡುಕುತ್ತಿದ್ದರು. ದೊಡ್ಡಮ್ಮ ಅದನ್ನು ನೋಡಿದಳು. ಕಟ್ಟಿಕೊಂಡಿದ್ದ ಡಬ್ಬಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕೈಯಲ್ಲಿದ್ದ ಕಾಯನ್ನು ಮುದುಕನ ಕಿವಿ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿ, ಅವನ ಮುಖ ನೋಡಿದಳು. ಅವನು ತಲೆ ಆಡಿಸಿ, "ಇನ್ನೊಂದ್ ತಿಂಗ್ಳು," ಅಂದ.

ದೊಡ್ಡಮ್ಮ ಜಗಲಿ ಕಡೆ ತಿರುಗಿ, ದೊಡ್ಡಪ್ಪನಿಗೆ ಕೇಳೋ ಹಾಗೆ ಗಟ್ಟಿಯಾಗಿ ಅಂದಳು: "ಇದು ಇನ್ನೊಂದ್ ತಿಂಗ್ಳು ಇರ್ಲಿ."