ಕಾಪುವಿನಿಂದ ಫೆಲಿಕ್ಸ್ ಮತ್ತು ಮನೆಯವರೆಲ್ಲರೂ

ಪ್ರತಿ ಡಿಸೆಂಬರಿನಲ್ಲಿ ಮಗಳು ಅಟ್ಟದಿಂದ ಕ್ರಿಸ್ಮಸ್ ನಕ್ಷತ್ರವನ್ನು ಇಳಿಸಿ, ಕಳೆದ ವರ್ಷದ ಧೂಳನ್ನು ಒರೆಸದೆಯೇ ಅದರೊಳಗಿನ ಹಳೆಯ ಬಲ್ಬನ್ನು ಉರಿಸಿ ನೋಡುತ್ತಾಳೆ. ಬಲ್ಬು ಬಿಸಿಯಾದಂತೆ ಧೂಳು ಸಣ್ಣಗೆ ಸುಡುವ ಒಂದು ವಾಸನೆ ಏಳುತ್ತದೆ. ಕಾರ್ಕಳದ ಈ ಮನೆಯಲ್ಲಿ ಬೇರೆ ಯಾರಿಗೂ ಅದು ತಿಳಿಯುವುದಿಲ್ಲ. ಮೊಮ್ಮಕ್ಕಳು ನಕ್ಷತ್ರ ಎತ್ತಿಕೊಂಡು ಅಂಗಳಕ್ಕೆ ಓಡುತ್ತಾರೆ. ನಾನು ಮಾತ್ರ ಕುರ್ಚಿಯಲ್ಲಿ ಕುಳಿತಲ್ಲೇ ಕುಳಿತುಬಿಡುತ್ತೇನೆ, ಆ ವಾಸನೆ ಹೋಗುವ ತನಕ. ಏಕೆಂದರೆ ಕಾಪುವಿನ ನಮ್ಮ ಹಳೆಯ ಮನೆಯಲ್ಲಿ, ಬುಧವಾರ ಸಂಜೆ ಕಳೆದು ಕತ್ತಲಾದ ಮೇಲೆ, ರೇಡಿಯೋದ ಒಳಗಿನ ಗಾಜಿನ ವಾಲ್ವುಗಳು ಒಂದೊಂದಾಗಿ ಕೆಂಪಗೆ ಬಿಸಿಯಾಗುವಾಗ ಬರುತ್ತಿದ್ದ ವಾಸನೆ ಇದೇ. ಮೊದಲು ವಾಸನೆ, ಆಮೇಲೆ ಒಂದು ಗುಂಯ್ ಎಂಬ ಶಬ್ದ, ಆಮೇಲೆ ಸಮುದ್ರದಾಚೆಯಿಂದ ಬರುವ ಆ ದನಿ.

ನಮ್ಮದು ಮರಳಿನ ಮೇಲೆ ಕಟ್ಟಿದ ಸಣ್ಣ ಹೆಂಚಿನ ಮನೆ. ಹಿಂಬಾಗಿಲು ತೆರೆದರೆ ತೆಂಗಿನ ಸಾಲು, ಅದರಾಚೆ ಕಡಲು. ದೀಪಸ್ತಂಭದ ಬೆಳಕು ತಿರುಗಿ ತಿರುಗಿ ಬಂದು ನಮ್ಮ ಗೋಡೆಯನ್ನು ಒಮ್ಮೆ ಒರೆಸಿ ಹೋಗುತ್ತಿತ್ತು. ಅಪ್ಪ ಬಸ್ ನಿಲ್ದಾಣದ ಬಳಿ ದರ್ಜಿ ಅಂಗಡಿ ಇಟ್ಟಿದ್ದರು. ಅವರ ತಮ್ಮ ಜೋಕಿಂ ಅದೇ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ, ಕಾಜ ಮಾಡುತ್ತಿದ್ದ. ಕೊಂಕಣಿಯಲ್ಲಿ ಅಪ್ಪನ ತಮ್ಮನನ್ನು ನಾವು ಬಾಪ್ಪು ಎನ್ನುತ್ತೇವೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ ಈ ಜೋಕಿಂ ಬಾಪ್ಪು ಯಾರಿಗೂ ಹೇಳದೆ ಉಡುಪಿಗೆ ಹೋಗಿ, ಒಂದು ರೇಡಿಯೋವನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದ. ಆ ವರ್ಷ ಮಳೆಗಾಲಕ್ಕೆ ಮೊದಲು ಹೆಂಚು ಬದಲಾಯಿಸಬೇಕಿತ್ತು, ಅದಕ್ಕೆ ಕೂಡಿಟ್ಟ ಹಣ ರೇಡಿಯೋಗೆ ಹೋಗಿತ್ತು. ಅಪ್ಪ ಊಟಕ್ಕೆ ಕುಳಿತವರು ರೇಡಿಯೋವನ್ನು ನೋಡಿದರು. ಆಮೇಲೆ ಕೇಳಿದರು, "ಈ ಮನೆಗೆ ನಿನ್ನಿಂದ ಎಂತ ಉಪಯೋಗ ಉಂಟು, ಜೋಕಿಂ?" ಬಾಪ್ಪು ಅನ್ನ ಕಲಸಿದ್ದ ಕೈಯನ್ನು ತೊಳೆದುಕೊಂಡು ಎದ್ದ. ಮರುದಿನ ಬೊಂಬಾಯಿ ಬಸ್ಸು ಹತ್ತಿದ. ಅಲ್ಲಿ ಯಾವುದೋ ಸರಕು ಹಡಗಿನ ಅಡುಗೆಮನೆಗೆ ಸೇರಿದ್ದಾನೆ ಎಂದು ಒಂದು ಕಾಗದ ಬಂತು. ಮತ್ತೆ ಏನೂ ಬರಲಿಲ್ಲ. ರೇಡಿಯೋ ಮನೆಯಲ್ಲೇ ಉಳಿಯಿತು. ಅಪ್ಪ ಅದನ್ನು ಮಾರಲಿಲ್ಲ, ಮುಟ್ಟಲೂ ಇಲ್ಲ. ತಮ್ಮನ ಹೆಸರನ್ನು ಅವರೆದುರು ಯಾರೂ ಎತ್ತುತ್ತಿರಲಿಲ್ಲ.

ಆ ರೇಡಿಯೋ ಎಂಥ ಅದ್ಭುತ ವಸ್ತುವಾಗಿತ್ತು ಎಂದು ಈಗಿನವರಿಗೆ ಹೇಗೆ ಹೇಳುವುದು ಎಂದು ನನಗೆ ತಿಳಿಯುವುದಿಲ್ಲ. ಅದರ ಹಣೆಯಲ್ಲಿ ಒಂದು ಹಸಿರು ಕಣ್ಣಿತ್ತು. ಸ್ಟೇಷನ್ ಸರಿಯಾಗಿ ಸಿಕ್ಕಿದರೆ ಆ ಕಣ್ಣಿನ ರೆಪ್ಪೆಗಳು ಮೆಲ್ಲಗೆ ಕೂಡುತ್ತಿದ್ದವು, ದೂರದ ಯಾರನ್ನೋ ಗುರುತಿಸಿದ ಹಾಗೆ. ಎಂಟು ಗಂಟೆಯ ಹೊತ್ತಿಗೆ ನಮ್ಮ ಕಡೆ ಕರೆಂಟು ಸೊರಗುತ್ತಿತ್ತು. ಹಾಗಾಗಿ ಮನೆಯ ಉಳಿದ ಬಲ್ಬುಗಳನ್ನೆಲ್ಲ ಆರಿಸಿ, ಇದ್ದ ಕರೆಂಟನ್ನೆಲ್ಲ ರೇಡಿಯೋಗೆ ಬಿಟ್ಟುಕೊಟ್ಟು, ನಾವು ಕತ್ತಲಲ್ಲಿ ಕೂರುತ್ತಿದ್ದೆವು. ಒಂದು ಗೋಡೆಯಲ್ಲಿ ದೇವರ ಪೀಠದ ಎಣ್ಣೆ ದೀಪ, ಇನ್ನೊಂದು ಗೋಡೆಯಲ್ಲಿ ಈ ಹಸಿರು ಕಣ್ಣು. ಸಿಲೋನ್ ರೇಡಿಯೋದಿಂದ ಬುಧವಾರದ ಹಿಂದಿ ಹಾಡಿನ ಪಟ್ಟಿ ಶುರುವಾಗುತ್ತಿತ್ತು. ಹದಿನಾರನೆಯ ಮೆಟ್ಟಿಲಿನಿಂದ ಒಂದೊಂದೇ ಹಾಡು ಮೇಲೇರುತ್ತ ಬಂದು, ಕೊನೆಗೆ ಮೊದಲನೆಯ ಮೆಟ್ಟಿಲಿನ ಹಾಡು ಬರುವ ಮುಂಚೆ ಕಹಳೆ ಊದುತ್ತಿದ್ದರು. ಆ ಕಹಳೆ ಕೇಳಿದಾಗ ನನ್ನ ಕೈಯ ರೋಮ ಎದ್ದು ನಿಲ್ಲುತ್ತಿತ್ತು. ಬಹಳ ವಾರ ಮೇಲೆಯೇ ನಿಂತು ಹಳತಾದ ಹಾಡಿಗೆ ರಾಜಮರ್ಯಾದೆ ಮಾಡಿ, ಪಟ್ಟಿಯಿಂದ ಬೀಳ್ಕೊಡುತ್ತಿದ್ದರು. ಹಾಡಿಗೂ ನಿವೃತ್ತಿ ಇರುತ್ತದೆ ಎಂಬುದೇ ನನಗೆ ಒಂದು ದೊಡ್ಡ ವಿಸ್ಮಯವಾಗಿತ್ತು. ಒಬ್ಬ ಮನುಷ್ಯ ಎಲ್ಲೋ ಕುಳಿತು ಮಾತಾಡಿದರೆ, ಅದೇ ಕ್ಷಣದಲ್ಲಿ ಕಾಪುವಿನ ನಾವು, ಬೆಳ್ಮಣ್ಣಿನ ನನ್ನ ಅಮ್ಮನ ತವರಿನವರು, ನಾವು ನಕಾಶೆಯಲ್ಲೂ ನೋಡದ ಊರಿನವರು ಒಟ್ಟಿಗೆ ಉಸಿರು ಬಿಗಿಹಿಡಿಯುತ್ತೇವೆ ಎಂಬುದನ್ನು ಯೋಚಿಸಿದರೆ ಈಗಲೂ ಮೈ ಜುಂ ಎನ್ನುತ್ತದೆ.

ಶಾಲೆಯಲ್ಲಿ ನನ್ನ ಎದುರಾಳಿ ಹಮೀದ್. ಅವನ ತಂದೆಗೆ ಬಸ್ ನಿಲ್ದಾಣದ ಬಳಿ ದಿನಸಿ ಅಂಗಡಿ. ಯಾವ ಹಾಡು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ನಾವಿಬ್ಬರೂ ವಾರವಿಡೀ ವಾದ ಮಾಡುತ್ತಿದ್ದೆವು. ಗುರುವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲೇ ಅವನು ಕಾದು ನಿಲ್ಲುತ್ತಿದ್ದ. "ನಿನ್ನ ಹಾಡು ನಿನ್ನೆ ನಾಲ್ಕು ಮೆಟ್ಟಿಲು ಜಾರಿತಲ್ಲ ಮಾರಾಯ. ಮೆಟ್ಟಿಲಿಗೆ ಎಣ್ಣೆ ಹಚ್ಚಿದವರು ಯಾರು?" ಇಬ್ಬರಿಗೂ ಒಂದೇ ಆಸೆ ಇತ್ತು. ಹಾಡುಗಳ ನಡುವೆ ಆ ದನಿ ಕಾಗದ ಬರೆದವರ ಹೆಸರು, ಊರು ಓದುತ್ತಿತ್ತು. ನಮ್ಮ ಹೆಸರನ್ನು ಆ ದನಿ ಒಮ್ಮೆ ಹೇಳಬೇಕು. ಅದಕ್ಕಿಂತ ದೊಡ್ಡದು ಜೀವನದಲ್ಲಿ ಇನ್ನೇನಾದರೂ ಇರಬಹುದು ಎಂದು ನಮಗೆ ತೋಚುತ್ತಿರಲಿಲ್ಲ.

ಅಪ್ಪನ ತಾಯಿ ನಮ್ಮ ಜೊತೆಯೇ ಇದ್ದಳು. ಮನೆಯಲ್ಲಿ ಅವಳನ್ನು ವ್ಹಡ್ಲಿಮಾಯ್ ಎಂದು ಕರೆಯುತ್ತಿದ್ದೆವು, ಇಲ್ಲಿ ಅಜ್ಜಿ ಎಂದೇ ಬರೆಯುತ್ತೇನೆ. ಏಳೂವರೆಗೆ ಜಪಸರ ಮುಗಿಸಿ, ನಮಗೆಲ್ಲ ತಲೆ ಮುಟ್ಟಿ ಆಶೀರ್ವಾದ ಕೊಟ್ಟು, ಅವಳು ರೇಡಿಯೋದ ಪಕ್ಕದಲ್ಲೇ ಚಾಪೆ ಹಾಸಿ ಕೂರುತ್ತಿದ್ದಳು. ಹಿಂದಿಯ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಒಂದು ಕಿವಿಯೂ ಮಂದವಾಗಿತ್ತು. ಅದು ಮಗ ತಂದ ವಸ್ತು ಎಂದು ಪಕ್ಕದಲ್ಲಿ ಕೂರುತ್ತಾಳೆ ಎಂದು ನಾನು ತಿಳಿದಿದ್ದೆ. ಒಂದು ಬುಧವಾರ, ಕಾರ್ಯಕ್ರಮ ಮುಗಿದು ಬಲ್ಬು ಹಾಕಿದ ಮೇಲೆ, ನನ್ನನ್ನು ಹತ್ತಿರ ಕರೆದಳು.

"ಹಾಡು ಹಾಡಿನ ನಡುವೆ ಆ ಮನುಷ್ಯ ಎಂತ ಓದುವುದು, ಪುತಾ?"

"ಹೆಸರು, ಅಜ್ಜಿ. ಕಾಗದ ಬರೆದವರ ಹೆಸರು, ಅವರ ಊರು."

"ಇದು ಹಡಗಿಗೂ ಕೇಳ್ತದಾ?"

"ಲೋಕಕ್ಕೆಲ್ಲ ಕೇಳ್ತದೆ," ಎಂದೆ, ಆ ಸ್ಟೇಷನ್ನು ನಾನೇ ಕಟ್ಟಿಸಿದ ಹಾಗೆ.

"ಹಾಗಾದರೆ ನಮ್ಮ ಜೋಕಿಮನ ಹೆಸರು ಹೇಳ್ಲಿಕ್ಕೆ ಬರಿ. ಕಾಪುವಿನಲ್ಲಿ ತಾಯಿ ಕಾಯ್ತಾ ಇದ್ದಾಳೆ, ಯಾರಿಗೂ ಕೋಪ ಇಲ್ಲ, ಬಾ ಅಂತ. ಅಷ್ಟು ಸಾಕು. ಹಾಡು ಯಾವುದಾದರೂ ಹಾಕಲಿ."

"ಅಂಥದೆಲ್ಲ ಅಲ್ಲಿ ಓದುವುದಿಲ್ಲ."

"ನೀನು ಬರಿ. ಓದುವುದು ಬಿಡುವುದು ಅವನಿಗೆ ಬಿಟ್ಟದ್ದು. ಅವನಿಗೂ ಒಬ್ಬಳು ತಾಯಿ ಇರ್ತಾಳಲ್ಲ."

ಅಂಚೆಯವನಿಂದ ತಾನೇ ತರಿಸಿ ಇಟ್ಟಿದ್ದ ಒಂದು ಕಾರ್ಡನ್ನು ತಲೆದಿಂಬಿನ ಅಡಿಯಿಂದ ತೆಗೆದು ಕೊಟ್ಟಳು.

ನಾನು ಬರೆಯಲು ಕುಳಿತದ್ದು ನಿಜ. ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಕಾಗದ ಕಳಿಸಲು ರೇಡಿಯೋದಲ್ಲಿ ಹೇಳುತ್ತಿದ್ದ ಬೊಂಬಾಯಿಯ ವಿಳಾಸವನ್ನು ಸರಿಯಾಗಿಯೇ ಬರೆದೆ. ಆಮೇಲೆ ಕೈ ನಿಂತಿತು. ಹಾಡಿನ ಪಟ್ಟಿಯ ನಡುವೆ ಒಬ್ಬ ಮುದುಕಿಯ ಅಳಲು ಓದಿದರೆ ಹಮೀದ್ ಏನು ಹೇಳಿಯಾನು? ಅಪ್ಪನಿಗೆ ಗೊತ್ತಾದರೆ? ಇದೆಲ್ಲ ನಾನು ನನಗೇ ಹೇಳಿಕೊಂಡ ನೆಪ. ನಿಜವಾದ ಕಾರಣ ಬೇರೆ. ಕಾರ್ಡು ಇದ್ದದ್ದು ಒಂದೇ, ಅದರಲ್ಲಿ ನನ್ನ ಹೆಸರು ಇರಬೇಕಿತ್ತು. ಆ ವಾರ ನಾನು ಮೆಚ್ಚಿದ ಹಾಡಿನ ಹೆಸರು ಬರೆದು, ಕೆಳಗೆ ಬರೆದೆ: ಕಾಪುವಿನಿಂದ ಫೆಲಿಕ್ಸ್ ಮತ್ತು ಮನೆಯವರೆಲ್ಲರೂ. ಬರಿಯ ನನ್ನ ಹೆಸರು ಬರೆಯಲು ನಾಚಿಕೆಯಾಗಿ ಆ ಕೊನೆಯ ಎರಡು ಮಾತು ಸೇರಿಸಿದ್ದೆ. ಶಾಲೆಗೆ ಹೋಗುವ ದಾರಿಯಲ್ಲಿ ಡಬ್ಬಿಗೆ ಹಾಕಿದೆ.

ಅದು ಕ್ರಿಸ್ಮಸ್ಸಿಗೆ ಇನ್ನೂ ಸ್ವಲ್ಪ ದಿನ ಇದ್ದಾಗಿನ ಒಂದು ಬುಧವಾರ. ಅಮ್ಮ ಒಲೆಯ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಎಂದಿನಂತೆ ಹೊರಗಿನ ಜಗಲಿಯಲ್ಲಿದ್ದರು, ಕೇಳಿಸಿಕೊಳ್ಳದವರ ಹಾಗೆ. ಐದನೆಯದೋ ಆರನೆಯದೋ ಹಾಡು ಮುಗಿದು ಆ ದನಿ ಹೆಸರುಗಳನ್ನು ಓದುತ್ತ ಬಂದು, ನೀರಿನಲ್ಲಿ ಮುಳುಗಿ ಎದ್ದಂತೆ ಒಮ್ಮೆ ಮಸುಕಾಗಿ, ಮತ್ತೆ ಸ್ಪಷ್ಟವಾಗಿ, ನನ್ನ ಊರಿನ ಹೆಸರನ್ನು ಹೇಳಿತು. ಆಮೇಲೆ ನನ್ನ ಹೆಸರನ್ನು. ಅಮ್ಮ ಕೂಗಿಬಿಟ್ಟಳು, ತಂಗಿಯರು ಚಪ್ಪಾಳೆ ತಟ್ಟಿದರು. ಜಗಲಿಯಿಂದ ಅಪ್ಪ, "ಹೆಸರು ಸರಿಯಾಗಿಯೇ ಹೇಳಿದ," ಎಂದರು. ಕತ್ತಲಲ್ಲಿ ಯಾರಿಗೂ ಕಾಣದಂತೆ ನಾನು ಅಳುತ್ತಿದ್ದೆ. ಅಷ್ಟು ದೊಡ್ಡ ಆಕಾಶದಲ್ಲಿ ನನ್ನ ಹೆಸರು ಹಾರಾಡುತ್ತಿತ್ತು. ಆಗ ಅಜ್ಜಿಯ ಒರಟು ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

"ಊರು ಕೇಳಿತು, ನಿನ್ನ ಹೆಸರು ಕೇಳಿತು. ಮತ್ತೆ ನೀವೆಲ್ಲ ಬೊಬ್ಬೆ ಹಾಕಿದಿರಿ. ಜೋಕಿಮನಿಗೆ ಹೇಳಿದನಾ?"

ಹೇಳಿದ, ಎಂದೆ.

ಅವಳು ಎದ್ದು ದೇವರ ಪೀಠದ ಮುಂದೆ ಮೊಣಕಾಲೂರಿದಳು. ಮರುದಿನ ಹಮೀದ್, "ಇನ್ನು ನಿನಗೆ ಶಾಲೆ ಯಾಕೆ? ನೆಟ್ಟಗೆ ಬೊಂಬಾಯಿಗೆ ಹೋಗು," ಎಂದು ಬೆನ್ನಿಗೆ ಗುದ್ದಿದ. ಒಂದು ವಾರ ನಾನು ರಾಜನ ಹಾಗಿದ್ದೆ.

ಆ ಕ್ರಿಸ್ಮಸ್ಸಿಗೆ ಮಾಡಿದ ನೆವ್ರಿ, ಕಿಡಿಯೊ ತಿಂಡಿಗಳೆಲ್ಲದರಲ್ಲೂ ಅಜ್ಜಿ ಒಂದು ಪಾಲು ತೆಗೆದು ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟಳು. ಸಂಜೆ ಬಸ್ಸಿನ ಹೊತ್ತಿಗೆ ಗೇಟಿನ ಬಳಿ ನಿಲ್ಲುತ್ತಿದ್ದಳು. ಯಾರಾದರೂ ಕೇಳಿದರೆ, "ಜೋಕಿಂ ಬರ್ತಾನೆ, ಹೇಳಿ ಕಳಿಸಿದ್ದೇವೆ," ಎನ್ನುತ್ತಿದ್ದಳು. ಡಬ್ಬಿಯ ತಿಂಡಿಗೆ ಬೂಸಲು ಬಂತು. ಈಸ್ಟರ್ ಕಳೆಯಿತು. ನಾನು ಪ್ರತಿ ಶನಿವಾರ ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿ, ಗೇರುಹಣ್ಣು ಕದ್ದದ್ದನ್ನು, ತಂಗಿಗೆ ಹೊಡೆದದ್ದನ್ನು ಹೇಳಿ ಎದ್ದು ಬರುತ್ತಿದ್ದೆ.

ಮಳೆ ಹಿಡಿದ ಮೇಲೆ ಒಂದು ದಿನ ಅಜ್ಜಿ ಕಪ್ಪು ಸೀರೆ ಉಟ್ಟು ಹೊರಗೆ ಬಂದಳು. ಅಪ್ಪ ಛತ್ರಿ ಹಿಡಿದು ಅಂಗಡಿಗೆ ಹೊರಟಿದ್ದರು.

"ಇದೆಂತ ಮಾಯ್?"

"ಜೋಕಿಂ ಇಲ್ಲ."

"ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳುವುದು ಬೇಡ. ನಾನು ಕರೆದಿದ್ದೆ. ತಾಯಿ ಕರೆದದ್ದು ಕೇಳಿಯೂ ಬಾರದ ಮಗ ಅಲ್ಲ ಅವನು."

ಇಗರ್ಜಿಯ ಪಾದ್ರಿಗಳು, ಸುದ್ದಿಯೇ ಬಾರದೆ ಮರಣದ ಪೂಜೆ ಹೇಗೆ ಎಂದು ಹಿಂಜರಿದರು. ಅಜ್ಜಿ ಮಳೆಯಲ್ಲಿ ನೆನೆದುಕೊಂಡು ದಿನಾ ಹೋಗಿ ಅವರ ಮೆಟ್ಟಿಲ ಮೇಲೆ ಕುಳಿತಳು. ಕೊನೆಗೆ ಅವರೇ ಸೋತರು. ಆ ಪೂಜೆಗೆ ಪೀಠದ ಬಳಿ ಮೊಣಕಾಲೂರಿ ಗಂಟೆ ಬಾರಿಸಿದವನು ನಾನು. ಅಪ್ಪ ಮೊದಲ ಸಾಲಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದರು. ತಮ್ಮನನ್ನು ಊಟದಿಂದ ಎಬ್ಬಿಸಿದ ತನ್ನ ಮಾತೇ ಅವನನ್ನು ಕೊಂದಿತು ಎಂದು ಅವರು ಅಂದಿನಿಂದ ನಂಬಿದರು. ಗಂಟೆ ಬಾರಿಸುವ ಬದಲು ನಾನು ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಜ್ಜಿ ಆಮೇಲೆ ಬಸ್ಸಿನ ಹೊತ್ತಿಗೆ ಗೇಟಿಗೆ ಹೋಗಲಿಲ್ಲ. ಬುಧವಾರ ರೇಡಿಯೋದ ಪಕ್ಕ ಕೂರಲೂ ಇಲ್ಲ. ಎರಡು ಮಳೆಗಾಲ ಕಳೆದು, ಆ ಕಪ್ಪು ಸೀರೆಯಲ್ಲೇ ತೀರಿಕೊಂಡಳು.

ಎಂಬತ್ತರ ದಶಕ ಶುರುವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಅಂಗಡಿಯಲ್ಲೇ ಕುಳಿತಿದ್ದೆ. ಒಂದು ಮಧ್ಯಾಹ್ನ ಬಸ್ಸಿನಿಂದ ಇಳಿದ ಒಬ್ಬ ಗಂಡಸು, ಕೆನ್ನೆಯ ಬಳಿ ನರೆತ ಕೂದಲು, ಅಂಗಡಿಯ ಹೊಸ್ತಿಲಲ್ಲಿ ಸೂಟ್‌ಕೇಸ್ ಇಟ್ಟು ನಿಂತ. ಅಪ್ಪ ಕತ್ತರಿ ಕೆಳಗಿಟ್ಟರು. ಕೊರಳಲ್ಲಿದ್ದ ಟೇಪನ್ನು ತೆಗೆದು ಹತ್ತಿರ ಹೋಗಿ, ತಮ್ಮನ ಹೆಗಲ ಅಳತೆ ತೆಗೆದರು, ತೋಳಿನ ಅಳತೆ ತೆಗೆದರು, ಎದೆಗೆ ಟೇಪು ಸುತ್ತಿದವರು ಹಾಗೆಯೇ ಅವನ ಮೇಲೆ ತಲೆಯಿಟ್ಟು ನಿಂತುಬಿಟ್ಟರು. "ಮಾಯ್ ಹೇಗಿದ್ದಾಳೆ?" ಎಂದು ಬಾಪ್ಪು ಕೇಳಿದ್ದು ನನ್ನನ್ನು.

ಸಮಾಧಿಗೆ ಅವನನ್ನು ಕರೆದುಕೊಂಡು ಹೋದವನೂ ನಾನೇ. ಹಿಂದೆ ಬರುವಾಗ ದೀಪಸ್ತಂಭದ ಬಂಡೆಯ ಮೇಲೆ ಕುಳಿತೆವು. ಚಪ್ಪಲಿಯ ಮರಳು ಕೊಡವುತ್ತ ಅವನು ನಕ್ಕ.

"ನಿನ್ನ ಹೆಸರು ಕೇಳಿದ್ದೆ ಮಾರಾಯ, ರೇಡಿಯೋದಲ್ಲಿ. ಏಡನ್ ಬಂದರಿನ ಹತ್ತಿರ ಇದ್ದೆವು. ಅಡುಗೆಮನೆಯಲ್ಲಿ ನನ್ನ ಟ್ರಾನ್ಸಿಸ್ಟರ್ ಇತ್ತು, ಬುಧವಾರ ತಪ್ಪಿಸ್ತಾ ಇರ್ಲಿಲ್ಲ. ಕಾಪು ಅಂತ ಕೇಳಿದ್ದೇ ಕೈಯಲ್ಲಿದ್ದ ಸೌಟು ಬಿತ್ತು. ನನ್ನ ಅಣ್ಣನ ಮಗ, ನನ್ನ ಅಣ್ಣನ ಮಗ ಅಂತ ಎಲ್ಲರನ್ನೂ ಹಿಡಿದು ಹೇಳಿದೆ."

ನಾನು ಬಂಡೆಯ ಮೇಲಿನ ಮರಳನ್ನು ಉಗುರಿನಿಂದ ಕೆರೆಯತೊಡಗಿದೆ.

"ಆ ವರ್ಷ ಊರಿಗೆ ಬರುವ ಅಂತ ಇದ್ದೆ. ಧೈರ್ಯ ಸಾಕಾಗ್ತಾ ಇರ್ಲಿಲ್ಲ. ಅಣ್ಣ ಗೇಟಿನಿಂದಲೇ ಹಿಂದೆ ಕಳಿಸಿದರೆ? ಅಷ್ಟರಲ್ಲಿ ರೇಡಿಯೋದವನು ಹೇಳಿದ, ಮನೆಯವರೆಲ್ಲರೂ ಅಂತ. ರಾತ್ರಿ ಮಲಗಿದಾಗ ಅದೇ ತಲೆಯಲ್ಲಿ ಸುತ್ತಿತು. ಎಲ್ಲರೂ ಇದ್ದಾರೆ, ಖುಷಿಯಲ್ಲಿ ಹಾಡು ಕೇಳ್ತಾ ಇದ್ದಾರೆ. ನಾನು ಲೆಕ್ಕದಲ್ಲಿ ಇಲ್ಲದೆಯೂ ಎಲ್ಲರೂ ಅಂತ ಆಗ್ತದೆ, ಅಲ್ವಾ? ಹಾಗೆ ಮತ್ತೊಂದು ಹಡಗಿಗೆ ಸಹಿ ಹಾಕಿದೆ."

ಕಡಲು ಆ ಹೊತ್ತಿನಲ್ಲಿ ಬಹಳ ಶಾಂತವಾಗಿತ್ತು. ಹಿಂದಿಯ ಅಕ್ಷರ ತಿಳಿಯದ, ಒಂದು ಕಿವಿ ಕೇಳದ ಆ ಮುದುಕಿ, ನನಗಿಂತ, ಹಮೀದನಿಗಿಂತ, ಆ ಪಟ್ಟಿಯನ್ನು ಬಾಯಿಪಾಠ ಮಾಡಿದ ಎಲ್ಲರಿಗಿಂತ ಚೆನ್ನಾಗಿ ರೇಡಿಯೋ ಎಂದರೆ ಏನೆಂದು ಅರ್ಥ ಮಾಡಿಕೊಂಡಿದ್ದಳು. ನೀರಿನಾಚೆ ಎಲ್ಲೋ ಇರುವ ಒಬ್ಬನೇ ಒಬ್ಬನಿಗೆ ಕೇಳಲಿ ಎಂದು ಅವಳು ಕೇಳಿಕೊಂಡಿದ್ದಳು. ಆ ಬುಧವಾರ, ಆ ಗಳಿಗೆಯಲ್ಲಿ, ಅವನಿಗೆ ಕೇಳುತ್ತಿತ್ತು. ಆ ಅದ್ಭುತದ ಮುಂದೆ ನಾನು ಈಗಲೂ ತಲೆ ಎತ್ತಲಾರೆ. ಬಾಪ್ಪುವಿಗೆ ಅವತ್ತು ಏನನ್ನೂ ಹೇಳಲಿಲ್ಲ. ತಿಂಗಳ ರಜೆ ಮುಗಿಸಿ, ಅಪ್ಪ ಹೊಲಿದುಕೊಟ್ಟ ಎರಡು ಅಂಗಿ ತೆಗೆದುಕೊಂಡು ಅವನು ಮತ್ತೆ ಹೋದ. ಕೆಲವು ವರ್ಷಗಳ ಮೇಲೆ ಬೊಂಬಾಯಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಅಪ್ಪನೂ ಹೋದರು, ತಮ್ಮನನ್ನು ಮನೆ ಬಿಡಿಸಿದವನು, ತಾಯಿಗೆ ಕಪ್ಪು ಉಡಿಸಿದವನು ತಾನೇ ಎಂದು ಕೊನೆಯ ತನಕ ನಂಬಿಕೊಂಡು. ಮನೆಯನ್ನು ಕೊಂಡವರು ಕೆಡವಿ ಬೇರೆ ಕಟ್ಟಿದ್ದಾರೆ. ಸಿಲೋನಿನ ಆ ಸಂಜೆಗಳೂ ನಿಂತು ಎಷ್ಟೋ ಕಾಲವಾಯಿತು.

ಇದನ್ನು ಓದುವವರಲ್ಲಿ ಆ ಬುಧವಾರಗಳಲ್ಲಿ ಕತ್ತಲಲ್ಲಿ ಕುಳಿತು ಕೇಳಿದವರು ಇನ್ನೂ ಕೆಲವರಾದರೂ ಇರಬಹುದು. ಒಂದು ಡಿಸೆಂಬರಿನಲ್ಲಿ, ಎರಡು ಹಾಡುಗಳ ನಡುವೆ, ಕಾಪುವಿನ ಒಬ್ಬ ಹುಡುಗನ ಹೆಸರು ನಿಮ್ಮ ಕಿವಿಯ ಮೇಲೂ ಬಿದ್ದಿರಬಹುದು. ನಿಮಗೆ ನೆನಪಿರಲಿಕ್ಕಿಲ್ಲ. ಇದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಅಂದು ಆ ಮನೆಯಲ್ಲಿ ಎಲ್ಲರೂ ಇರಲಿಲ್ಲ.