ಸ್ಪ್ರಿಂಗಣ್ಣನ ಬಾಗಿಲು

ಸ್ಪ್ರಿಂಗಣ್ಣ ತೀರಿಕೊಂಡು ಐದು ತಿಂಗಳಾಯಿತು. ಕಳೆದ ವಾರದವರೆಗೂ ಅವನ ಸೋಫಾ ರಿಪೇರಿ ಅಂಗಡಿಗೆ ಬಂದವರು ಬಾಗಿಲಿಗೆ ಬೆನ್ನು ತಾಗದಂತೆ ಒಂದು ಗೇಣು ಮುಂದೆಯೇ ನಿಲ್ಲುತ್ತಿದ್ದರು. ಇಕ್ಕಟ್ಟಿನ ಅಂಗಡಿ. ನಿಂತವರಿಗೆ ಒರಗಲು ಆ ಬಾಗಿಲು ಬಿಟ್ಟರೆ ಬೇರೆ ಜಾಗವಿಲ್ಲ. ಆದರೂ ಯಾರೂ ಒರಗುತ್ತಿರಲಿಲ್ಲ. ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಅವನು ಕೊನೆಯದಾಗಿ ಬರೆದ ಮೂರು ಪದಗಳಿದ್ದವು. ಅವು ಅಳಿಸಿಹೋಗುವುದು ಯಾರಿಗೂ ಬೇಕಿರಲಿಲ್ಲ.

ನಡೆಯುವಾಗ ಕಾಲ ಕೆಳಗೆ ಏನೋ ಪುಟಿಯುತ್ತಿದೆ ಎಂಬಂತೆ ಜಿಗಿಜಿಗಿದು ನಡೆಯುತ್ತಿದ್ದುದಕ್ಕೆ ಬೀದಿಯವರು ಇಟ್ಟ ಹೆಸರು ಸ್ಪ್ರಿಂಗಣ್ಣ. ಕಸುಬಿಗೂ ಹೊಂದಿಕೊಂಡಿತು. ಹಳೇ ಸೋಫಾಗಳ ಬಟ್ಟೆ ಕಿತ್ತು, ಸ್ಪ್ರಿಂಗು ಬಿಗಿದು, ಸ್ಪಂಜು ಬದಲಿಸಿ ಹೊಸದರಂತೆ ಮಾಡಿಕೊಡುವುದು ಅವನ ಕೆಲಸ. ಅಳತೆ, ಕತ್ತರಿ, ಸುತ್ತಿಗೆ ಅವನ ಪಾಲು. ಹೊಲಿಗೆ ಹೆಂಡತಿಯ ಪಾಲು. ದಪ್ಪ ಬಟ್ಟೆ ಹೊಲಿಯುವ ಕಬ್ಬಿಣದ ಮಿಷನ್ ಅವಳದೇ. ಮದುವೆಗೆ ಮೊದಲು ಬ್ಯಾಗ್ ಫ್ಯಾಕ್ಟರಿಯಲ್ಲಿ ಏಳು ವರ್ಷ ದುಡಿದು, ಸ್ವಂತ ದುಡ್ಡಿನಲ್ಲಿ ಕೊಂಡದ್ದು. ಅದನ್ನು ಅತ್ತಿತ್ತ ಸರಿಸಲೂ ಇಬ್ಬರು ಬೇಕು.

ಕೆಲಸದಲ್ಲಿ ಸ್ಪ್ರಿಂಗಣ್ಣನಿಗೆ ಹೆಸರಿಡುವಂತಿರಲಿಲ್ಲ. ಅವನು ಕೆಡುತ್ತಿದ್ದುದು ಕೆಲಸ ಮುಗಿದ ಮೇಲೆ. ರಿಪೇರಿಯಾದ ಸೋಫಾವನ್ನು ಗಿರಾಕಿಯ ಮನೆಗೆ ಹೊತ್ತು ಹಾಕುವವನೂ ಅವನೇ. ಹಾಕಿದ ಮೇಲೆ ಆ ಮನೆಯ ನಡುಕೋಣೆಯಲ್ಲಿ ಎರಡು ನಿಮಿಷ ನಿಂತು ಕಣ್ಣಾಡಿಸುತ್ತಿದ್ದ. ಗೋಡೆಯಗಲದ ಟಿವಿ. ಗುಂಡಿ ಒತ್ತಿದರೆ ನೊರೆ ಉಕ್ಕಿಸುವ ಕಾಫಿ ಯಂತ್ರ. ನೀಲಿ ಬೆಳಕಿನ ಮೀನಿನ ತೊಟ್ಟಿ. ಹೋಗುವಾಗ ಸೋಫಾ ಹೊತ್ತು ಹೋದವನು ಬರುವಾಗ ಆ ಮನೆಯ ಆಸೆಗಳನ್ನು ಹೊತ್ತು ಬರುತ್ತಿದ್ದ. ವಾರ ಕಳೆಯುವುದರೊಳಗೆ ಅವೇ ಸಾಮಾನು ಅವನ ಎರಡು ಕೋಣೆಯ ಮನೆಗೂ ಕಂತಿನ ಮೇಲೆ ಬರುತ್ತಿದ್ದವು. ಒಮ್ಮೆಯಂತೂ ಶೋರೂಮಿನಿಂದ ಹೊಚ್ಚಹೊಸ ಸೋಫಾವನ್ನೇ ತಂದ. ಬೀದಿ ಬಿದ್ದುಬಿದ್ದು ನಕ್ಕಿತು.

"ಏನೋ, ಸೋಫಾ ಡಾಕ್ಟರಿಗೇ ಸೋಫಾ ಕಾಯಿಲೆ ಬಂತಾ?" ಎಂದ ಪಕ್ಕದ ಹಳೇ ಪುಸ್ತಕದಂಗಡಿಯ ಗೆಳೆಯ.

"ಊರವರಿಗೆಲ್ಲ ಮೆತ್ತಗೆ ಕೂರೋಕೆ ಮಾಡ್ಕೊಡ್ತೀನಿ, ನಾನು ಸ್ಟೂಲ್ ಮೇಲೆ ಕೂರ್ಬೇಕಾ?" ಎಂದ ಸ್ಪ್ರಿಂಗಣ್ಣ.

ಒಂದು ಕಂತು ಕಟ್ಟಲು ಇನ್ನೊಂದು ಕಡೆ ಕೈಚಾಚಿದ. ಅದನ್ನು ತೀರಿಸಲು ಮತ್ತೊಂದು ಕಡೆ. ಎಲ್ಲ ಕಡೆಯೂ ಕೈ ಕಟ್ಟಿಹೋದಾಗ ಅಡವಿನಂಗಡಿಗೆ ಹೋಗಿ, ಹೆಂಡತಿಗೆ ಹೇಳದೆ, ಹೊಲಿಗೆ ಮಿಷನ್ನನ್ನೇ ಅಡವಿಟ್ಟ. ಹೊರಲಾಗದ ಸಾಮಾನನ್ನು ಇದ್ದಲ್ಲೇ ಬಿಟ್ಟು, ಅಡಿಯಲ್ಲಿ ತನ್ನ ಮುದ್ರೆಯ ಚೀಟಿ ಅಂಟಿಸುವುದು ಆ ಅಂಗಡಿಯ ಯಜಮಾನನ ಪದ್ಧತಿ. ಹದಿನೆಂಟು ತಿಂಗಳಲ್ಲಿ ಸಾಲ ತೀರಬೇಕು. ತೀರದಿದ್ದರೆ ಮಿಷನ್ ಅವನದು. ಹೆಂಡತಿ ತರಕಾರಿಗೆ ಹೋಗಿದ್ದ ಹೊತ್ತು ನೋಡಿ ಅಡವಿನಂಗಡಿಯವರು ಚೀಟಿ ಅಂಟಿಸಿ ಹೋದರು.

ನಾಲ್ಕನೆಯ ದಿನ ಕೈಜಾರಿದ ದಾರದ ಬಾಬಿನ್ ಹುಡುಕಲು ಅವಳು ಬಗ್ಗಿದಳು. ಬಗ್ಗಿದವಳು ಬೇಗ ಏಳಲಿಲ್ಲ.

"ರೀ, ಇಲ್ಲಿ ಬನ್ನಿ. ಮಿಷನ್ ಕೆಳಗೆ ಏನಿದು ಚೀಟಿ?"

"ಅದಾ... ಕಂಪನಿಯವರು ಅಂಟಿಸಿರ್ತಾರೆ."

"ಕಂಪನಿಯವರು ಇಪ್ಪತ್ತೆರಡು ವರ್ಷ ಆದ್ಮೇಲೆ ಬಂದು ಅಂಟಿಸಿದ್ರಾ? ಅಂಟಿನ ವಾಸನೆ ಇನ್ನೂ ಹೋಗಿಲ್ಲ."

ಸ್ಪ್ರಿಂಗಣ್ಣ ಸ್ಪಂಜಿನ ರಾಶಿಯ ಮೇಲೆ ಕೂತ. ಅವಳು ಚೀಟಿಯ ಮೇಲಿನ ಮುದ್ರೆ ಓದಿದಳು.

"ಎಷ್ಟಿದೆ ಸಾಲ?"

"ಸ್ವಲ್ಪಾನೇ."

"ನಮ್ಮ ಅಂಗಡೀಲಿ ಬಿಚ್ಚಿ ನೋಡ್ದೇ ಬೆಲೆ ಹೇಳ್ತೀವಾ?"

"ಇಲ್ಲ."

"ಹಾಗಾದ್ರೆ ಬಿಚ್ಚಿ. ಹಲಗೆ ಕಾಣೋವರೆಗೂ."

ಹಲಗೆ ಕಾಣುವವರೆಗೂ ಬಿಚ್ಚದೆ ಯಾವ ಸೋಫಾಕ್ಕೂ ಬೆಲೆ ಹೇಳಬಾರದೆಂಬುದು ಅವನೇ ಮಾಡಿದ ಕಟ್ಟಳೆ. ಈಗ ತಪ್ಪಿಸಿಕೊಳ್ಳುವಂತಿರಲಿಲ್ಲ. ಅವನು ಹೇಳುತ್ತ ಹೋದ, ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಒಂದೊಂದೇ ಬರೆಯುತ್ತ ಹೋದಳು. ಟಿವಿ, ಶೋರೂಮ್ ಸೋಫಾ, ಕಾಫಿ ಯಂತ್ರ. "ಮುಗೀತು" ಎಂದ.

"ಇದು ಮೇಲಿನ ಬಟ್ಟೆ ಅಷ್ಟೇ. ಸ್ಪಂಜು ಇನ್ನೂ ಕೆಳಗಿದೆ."

ಮತ್ತೆ ನಾಲ್ಕು ಹೊರಬಂದವು. ಅದರ ಕೆಳಗೆ ಇನ್ನೂ ಮೂರು. ಎಲ್ಲಕ್ಕಿಂತ ಅಡಿಯಲ್ಲಿ, ಹನ್ನೊಂದನೆಯದಾಗಿ, ಮಿಷನ್. ಅದನ್ನು ಬರೆದು ಅವಳು ಸೀಮೆಸುಣ್ಣ ಕೆಳಗಿಟ್ಟಳು.

"ಉಳಿದಿದ್ದೆಲ್ಲ ಹೋದ್ರೆ ಹೋಗ್ಲಿ. ಇದು ಮಾತ್ರ ಹೋಗ್ಬಾರ್ದು. ಹೊಸದು ತಗೊಂಡ್ರಾಯ್ತು ಅಂತ ಈಗ ಹೇಳ್ಬೇಡಿ."

ಅವನು ಹೇಳಲಿದ್ದುದು ಅದನ್ನೇ.

ಮರುದಿನದಿಂದ ಸಾಮಾನು ಬಂದ ದಾರಿಯಲ್ಲೇ ಹೊರಗೆ ಹೋಗತೊಡಗಿತು. ಟಿವಿ ಅರ್ಧ ಬೆಲೆಗೆ ಹೋಯಿತು, ಕಾಫಿ ಯಂತ್ರ ಅದಕ್ಕಿಂತ ಅಗ್ಗಕ್ಕೆ. ಮೀನಿನ ತೊಟ್ಟಿಯನ್ನು ಹಲ್ಲಿನ ಡಾಕ್ಟರೊಬ್ಬರು ಮೀನುಗಳ ಸಮೇತ ಒಯ್ದರು. ಶೋರೂಮ್ ಸೋಫಾವನ್ನು ಮಾತ್ರ ಯಾರೂ ಕೇಳಲಿಲ್ಲ. ಸ್ಪ್ರಿಂಗಣ್ಣ ಸಿಟ್ಟಿಗೆದ್ದು ಅದರ ಹೊಟ್ಟೆ ಬಗೆದ. ಒಳಗೆ ರಟ್ಟು. ಅದರ ಮೇಲೆ ಬೆರಳು ದಪ್ಪದ ಸ್ಪಂಜು.

"ಇಷ್ಟು ದಿನ ರಟ್ಟಿನ ಡಬ್ಬದ ಮೇಲೆ ಕೂತ್ಕೊಂಡು ಕಂತು ಕಟ್ಟಿದ್ವಾ?" ಎಂದಳು ಅವಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಚೀಟಿ ಕಂಡ ದಿನದಿಂದ ಆ ಅಂಗಡಿಯಲ್ಲಿ ಕೇಳಿಬಂದ ಮೊದಲ ನಗು ಅದು. ಅವನು ಒಳಗೆಲ್ಲ ಗಟ್ಟಿ ಸಾಮಾನು ತುಂಬಿ ಅದನ್ನು ಹೊಸದಾಗಿ ಕಟ್ಟಿದ. ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿದ ಸಾಮಾನು ಅದೊಂದೇ.

ಆದರೆ ಮನೆ ಖಾಲಿಯಾದ ಮಾತ್ರಕ್ಕೆ ಕಣ್ಣು ಸುಮ್ಮನಿರುತ್ತದೆಯೇ? ಗಿರಾಕಿಗಳ ನಡುಕೋಣೆಗಳು ಇದ್ದೇ ಇದ್ದವು. ಅದಕ್ಕೂ ಅವನು ತನ್ನ ಕಸುಬಿನಲ್ಲೇ ದಾರಿ ಹುಡುಕಿದ. ಬಟ್ಟೆಗೆ ಗುರುತು ಹಾಕಿದ ದಿನವೇ ಅವನು ಕತ್ತರಿ ಹಾಕುತ್ತಿರಲಿಲ್ಲ. ಒಂದು ದಿನ ಬಿಟ್ಟು, ಮತ್ತೆ ಅಳೆದು, ಆಮೇಲೆ ಕತ್ತರಿಸುತ್ತಿದ್ದ. ಆಸೆಗೂ ಹಾಗೇ ಮಾಡೋಣ ಅಂದುಕೊಂಡ. ಏನಾದರೂ ಬೇಕೆನಿಸಿದರೆ ಬಾಗಿಲ ಒಳಮೈಯಲ್ಲಿ ಬರೆಯುವುದು. ಹದಿನೈದು ದಿನ ಕಳೆದ ಮೇಲೂ ಓದಲು ಬಂದರೆ ಇಬ್ಬರೂ ಕೂತು ಮಾತಾಡುವುದು. ಅಳಿಸಿಹೋದರೆ ಹೋಯಿತು, ತಿದ್ದಿ ಬರೆಯುವಂತಿಲ್ಲ. ಬಂದುಹೋಗುವವರೆಲ್ಲ ಒರಗುವ ಬಾಗಿಲಾದ್ದರಿಂದ ಹೆಚ್ಚಿನವು ನಾಲ್ಕು ದಿನವೂ ಬಾಳುತ್ತಿರಲಿಲ್ಲ. ಹೊಸ ಮೊಬೈಲ್ ಒಬ್ಬ ಗಿರಾಕಿಯ ಕೋಟಿಗೆ ಅಂಟಿಕೊಂಡು ಹೋಯಿತು. ತೂಗುದೀಪವನ್ನು ಅಂಚೆಯವನು ಭುಜದ ಮೇಲೆ ಹೊತ್ತೊಯ್ದ. ಅವಳ ಹೊಸ ಚಪ್ಪಲಿ ಮಾತ್ರ ಹದಿನೈದೂ ದಿನ ಉಳಿಯಿತು. ಚಪ್ಪಲಿ ಬಂತು.

ಅಡವಿಟ್ಟ ಒಂಬತ್ತನೆಯ ತಿಂಗಳಲ್ಲಿ ಪರೀಕ್ಷೆ ಬಂತು. ಗಿರಾಕಿಯೊಬ್ಬರ ಮನೆಯಲ್ಲಿ ಬೆನ್ನು ಒತ್ತುವ ಮಸಾಜ್ ಕುರ್ಚಿ ನೋಡಿದ. ಅವರು ಒತ್ತಾಯ ಮಾಡಿ ಐದು ನಿಮಿಷ ಕೂರಿಸಿದರು. ಮೂವತ್ತು ವರ್ಷ ಸೋಫಾ ಹೊತ್ತ ಬೆನ್ನು ಅಂದು ಮೊದಲ ಬಾರಿಗೆ ಸುಖ ಕಂಡಿತು. ಬಂದವನೇ ಬಾಗಿಲ ಮೇಲೆ, ಯಾರ ಬೆನ್ನೂ ಎಟುಕದಷ್ಟು ಎತ್ತರದಲ್ಲಿ, ದಪ್ಪಕ್ಷರದಲ್ಲಿ ಬರೆದ.

"ಅಲ್ಲಿ ಬರೆದ್ರೆ ಮೋಸ. ಕೆಳಗೆ ಬರೀರಿ" ಎಂದಳು.

ಕೆಳಗೆ ಬರೆದ. ಅಂದಿನಿಂದ ಅವನ ಕೆಲಸ ಕೆಟ್ಟಿತು. ಯಾರಾದರೂ ಒಳಬಂದರೆ "ಇಲ್ಲಿ ಕೂತ್ಕೊಳ್ಳಿ, ಅಲ್ಲಿ ಮೊಳೆ ಇದೆ" ಎಂದು ಎಳೆದು ತರುತ್ತಿದ್ದ. ಗೆಳೆಯ ಬಂದರೆ ಬಾಗಿಲಿಗೆ ತಾನೇ ಅಡ್ಡ ನಿಲ್ಲುತ್ತಿದ್ದ. ಹೆಂಡತಿ ಮಿಷನ್ ತುಳಿಯುತ್ತ ಎಲ್ಲ ನೋಡುತ್ತಿದ್ದಳು. ಹನ್ನೆರಡನೆಯ ದಿನ ಮಧ್ಯಾಹ್ನ ಅವಳು ಹೊಲಿಯುವುದನ್ನು ನಿಲ್ಲಿಸಿ, ಎರಡೂ ಕೈ ಸೊಂಟಕ್ಕೆ ಕೊಟ್ಟು, ಹಿಂದಕ್ಕೆ ಬಾಗಿ ನೆಟಿಕೆ ಮುರಿದಳು. ಬೆನ್ನಿಗೆ ಆಸರೆಯಿಲ್ಲದ ಅದೇ ಹಳೇ ಸ್ಟೂಲು. ಸ್ಪ್ರಿಂಗಣ್ಣ ಆ ಸ್ಟೂಲನ್ನೂ ಅವಳ ಬೆನ್ನನ್ನೂ ನೋಡಿದ. ಆಮೇಲೆ ಬಾಗಿಲಿಗೆ ಬೆನ್ನು ಒತ್ತಿ, ಕರಡಿ ಮರಕ್ಕೆ ಮೈ ಉಜ್ಜಿದ ಹಾಗೆ ಉಜ್ಜಿದ.

ಚಹಾ ಕುಡಿಯಲು ಹೊರಬಂದಾಗ ಗೆಳೆಯ ಕೇಳಿದ, "ಬೆನ್ನ ಮೇಲೇನೋ ಅದು ಬಿಳೀದು?"

"ಮಸಾಜ್ ಕುರ್ಚಿ. ಬೆನ್ನಿಗೆ ಬೇಕು ಅಂದೆ, ಬೆನ್ನಿಗೇ ಸಿಕ್ತು."

ಮೇಜಿನ ಮೇಲೆ ಬರೆದಿದ್ದ ಹನ್ನೊಂದು ಸಾಲಗಳಲ್ಲಿ ಚಿಕ್ಕವು ಮೊದಲು ಅಳಿದವು, ದೊಡ್ಡವು ನಿಧಾನವಾಗಿ. ಹದಿನೆಂಟನೆಯ ತಿಂಗಳ ಹೊತ್ತಿಗೆ ಉಳಿದದ್ದು ಮಿಷನ್ ಒಂದೇ. ಅದಕ್ಕೂ ದುಡ್ಡು ಸ್ವಲ್ಪ ಕಡಿಮೆ ಬಿತ್ತು. ಹಿಂದಿನ ಸ್ಪ್ರಿಂಗಣ್ಣನಾಗಿದ್ದರೆ ಗಡುವಿನ ದಿನ ಅಂಗಡಿಯ ಹಿಂಬಾಗಿಲಿನಿಂದ ಮಾಯವಾಗುತ್ತಿದ್ದ. ಈ ಬಾರಿ ಗಡುವಿಗೆ ವಾರ ಮುಂಚೆಯೇ, ಕೂಡಿಸಿದ ದುಡ್ಡು ಹಿಡಿದು, ತಾನೇ ಅಡವಿನಂಗಡಿಯ ಮೆಟ್ಟಿಲು ಹತ್ತಿದ.

"ಇನ್ನೂ ಒಂದು ವಾರ ಇದೆಯಲ್ಲಪ್ಪಾ, ಯಾಕೆ ಬಂದೆ?" ಎಂದ ಯಜಮಾನ.

"ದುಡ್ಡು ಪೂರ್ತಿ ಆಗಿಲ್ಲ. ಅದನ್ನ ಹೇಳೋಕೇ ಬಂದೆ."

ಯಜಮಾನ ಕನ್ನಡಕ ತೆಗೆದ. "ದುಡ್ಡಿಲ್ಲದವರನ್ನ ನಾನು ಹುಡ್ಕೊಂಡು ಹೋಗೋದು ರೂಢಿ. ಅವರೇ ಬಂದಿದ್ದು ಇದೇ ಮೊದಲು. ಕೂತ್ಕೋ."

ಕೂತ ಸ್ಪ್ರಿಂಗಣ್ಣ ಕುರ್ಚಿಯೊಳಗೆ ಮೊಣಕಾಲು ಎದೆಗೆ ಬರುವಷ್ಟು ಮುಳುಗಿದ. "ಯಜಮಾನ್ರೇ, ನಿಮ್ಮ ಬಡ್ಡಿಗಿಂತ ಈ ಕುರ್ಚಿ ಜಾಸ್ತಿ ಚುಚ್ಚುತ್ತೆ."

"ಬಂದವರು ಬೇಗ ಎದ್ದು ಹೋಗ್ಲಿ ಅಂತಾನೇ ಹಾಗೆ ಬಿಟ್ಟಿದೀನಿ."

"ಸಾಲ ಕೇಳೋಕೆ ಬಂದವರು ಎದ್ದು ಹೋದ್ರೆ ನಷ್ಟ ಯಾರಿಗೆ?"

ಯಜಮಾನ ನಗು ತಡೆಯಲು ನೋಡಿದ, ಆಗಲಿಲ್ಲ. ಅಂಥ ಕುರ್ಚಿಗಳು ಅಲ್ಲಿ ಆರಿದ್ದವು. ಆರನ್ನೂ ವಾರದೊಳಗೆ ಹೊಸದು ಮಾಡಿಕೊಟ್ಟರೆ ಬಾಕಿ ಚುಕ್ತಾ ಎಂದು ಮಾತಾಯಿತು. ಏಳುವ ಮೊದಲು ಸ್ಪ್ರಿಂಗಣ್ಣ, "ಒಂದು ಕಾಗದದ ಮೇಲೆ ಬರೆದು ಕೊಡಿ" ಎಂದ. ಜೀವಮಾನವಿಡೀ ಓದದೆ ಸಹಿ ಹಾಕಿದ್ದವನು ಅದನ್ನು ಎರಡು ಸಲ ಓದಿದ.

ಅಡವಿನಲ್ಲಿದ್ದ ಮಿಷನ್ ತನ್ನನ್ನು ತಾನೇ ಬಿಡಿಸಿಕೊಂಡಿತು. ಆರು ಕುರ್ಚಿಗಳ ಬಟ್ಟೆಯನ್ನು ಹೆಂಡತಿ ಅದರ ಮೇಲೇ ಹೊಲಿದಳು. ಆರನೆಯ ದಿನ ಕುರ್ಚಿಗಳು ಹೋದವು, ಯಜಮಾನನ ಗುಮಾಸ್ತ ಚೀಟಿ ಕೀಳಲು ಬಂದ. "ನೀವು ಬೇಡ" ಎಂದು ಅವಳೇ ನೆಲಕ್ಕೆ ಕೂತು, ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಚೂರೂ ಉಳಿಯದಂತೆ ಕೆರೆದಳು. ಸ್ಪ್ರಿಂಗಣ್ಣ ಒದ್ದೆ ಬಟ್ಟೆಯಿಂದ ಮೇಜಿನ ಮೇಲಿನ ಕೊನೆಯ ಹೆಸರು ಒರೆಸಿದ.

ಅದಾದ ಮೇಲೆ ಎರಡು ವರ್ಷ ಬದುಕಿದ. ಯಾರಿಗೂ ಒಂದು ಕಾಸು ಕೊಡುವುದಿರಲಿಲ್ಲ. ಬಾಗಿಲು ತಟ್ಟಿದ ಸದ್ದಾದರೆ "ಯಾರು?" ಎಂದು ಗಟ್ಟಿಯಾಗಿ ಕೇಳುತ್ತಿದ್ದ. ಹಿಂದೆ, ಸಾಲ ಕೊಟ್ಟವರಿರಬಹುದೆಂದು, ಕೇಳುತ್ತಲೇ ಇರಲಿಲ್ಲ. ಗೆಳೆಯನ ಅಂಗಡಿಯಿಂದ ಹಳೇ ಪುಸ್ತಕ ಒಯ್ದು, ಓದಿ, ವಾಪಸ್ ಕೊಟ್ಟು, "ಕೊಳ್ಳಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ" ಎಂದು ರೇಗಿಸುತ್ತಿದ್ದ. ಒಂದು ಬೆಳಿಗ್ಗೆ ಮೊಳೆ ಹೊಡೆಯುತ್ತಿದ್ದವನು ಸುತ್ತಿಗೆ ಕೆಳಗಿಟ್ಟು, "ಒಂದು ನಿಮಿಷ" ಎಂದು ಸ್ಪಂಜಿನ ರಾಶಿಗೆ ಒರಗಿದ. ಅಷ್ಟೇ. ಮತ್ತೆ ಏಳಲಿಲ್ಲ.

ಅಂದು ಅವನು ಮೊಳೆ ಹೊಡೆಯುತ್ತಿದ್ದುದು ಗಿರಾಕಿಯ ಕೆಲಸಕ್ಕಲ್ಲ. ಬಾಗಿಲ ಮೇಲೆ ಹದಿನೆಂಟು ದಿನದಿಂದ ಅಳಿಯದೆ ಉಳಿದಿದ್ದ ಮೂರು ಪದ: "ಅವಳಿಗೆ ಬೆನ್ನಿರುವ ಕುರ್ಚಿ." ಅವನು ಮಾಡುತ್ತಿದ್ದುದು ಆ ಕುರ್ಚಿಯನ್ನೇ. ಮರ ಹಳೇ ಸೋಫಾದ್ದು. ಚೌಕಟ್ಟು ಮುಗಿದಿತ್ತು, ಸ್ಪಂಜು ಕೂರುವ ಪಟ್ಟಿ ಬಿಗಿದಾಗಿತ್ತು. ಸ್ಪಂಜು, ಬಟ್ಟೆ ಬಾಕಿ.

ನಾಲ್ಕು ತಿಂಗಳು ಅವಳು ಅದನ್ನು ಮುಟ್ಟಲಿಲ್ಲ, ಯಾರೂ ಮುಟ್ಟಿ ಎನ್ನಲಿಲ್ಲ. ಐದನೆಯ ತಿಂಗಳಲ್ಲಿ ಅವಳೇ ಸ್ಪಂಜು ಕತ್ತರಿಸಿದಳು. ಬಟ್ಟೆಗೆ ಗುರುತು ಹಾಕಿ, ಒಂದು ದಿನ ಬಿಟ್ಟು, ಮತ್ತೆ ಅಳೆದು ಕತ್ತರಿ ಹಾಕಿದಳು. ಕಳೆದ ವಾರ ಗೆಳೆಯ ಹೋದಾಗ ಸ್ಟೂಲು ಮೂಲೆ ಸೇರಿತ್ತು. ಅವಳು ಹೊಸ ಕುರ್ಚಿಯಲ್ಲಿ ಬೆನ್ನು ಕೊಟ್ಟು ಕೂತು ಯಾರದೋ ಸೋಫಾಕ್ಕೆ ರೆಕ್ಸಿನ್ ಹೊಲಿಯುತ್ತಿದ್ದಳು. ಗೆಳೆಯ ರೂಢಿಯಂತೆ ಬಾಗಿಲಿನಿಂದ ಒಂದು ಗೇಣು ಮುಂದೆ ನಿಂತ.

"ಎಷ್ಟು ಹೊತ್ತು ಹಾಗೇ ನಿಲ್ತೀರಣ್ಣಾ, ಒರಗಿ" ಎಂದಳು, ಮಿಷನ್ ನಿಲ್ಲಿಸದೆ. "ಕುರ್ಚಿ ಬಂದಾಯ್ತಲ್ಲ."

ಗೆಳೆಯ ಒರಗಿದ.