ಭೀಮರಾಜನ ಕೈಯಳತೆ

ತೆಕ್ಕಲಕೋಟೆಯ ಭೀಮರಾಜನಷ್ಟು ಜಂಬದ ಮನುಷ್ಯನನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಗೊಬ್ಬರ, ಕ್ರಿಮಿನಾಶಕದ ಅಂಗಡಿ ನಡೆಸಿದ. ಡಬ್ಬಿಯ ಮೇಲೆ ಎಕರೆಗೆ ನೂರು ಎಂಎಲ್ ಎಂದಿದ್ದರೆ ಮುನ್ನೂರು ಹೊಡೆಯಿರಿ ಎನ್ನುತ್ತಿದ್ದ. ಲೇಬಲ್ ಅಳತೆ ಅಂಜುಬುರುಕರಿಗೆ ಎನ್ನುವುದು ಅವನ ವೇದಾಂತ. ಮೆಣಸಿನ ಗಿಡ ಸುಟ್ಟುಹೋದರೆ ಬೀಜವೇ ಸರಿಯಿರಲಿಲ್ಲ ಎಂದು ಜಾರಿಕೊಳ್ಳುತ್ತಿದ್ದ. ಆದರೂ ರೈತರು ಅವನನ್ನೇ ನಂಬುತ್ತಿದ್ದರು, ಕುರಿಗಳು.

ಹೋದ ವರ್ಷ ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಗಂಡಸಿನ ಹಾರ್ಮೋನನ್ನು ಅಡಗಿಸಲು ಬಳ್ಳಾರಿಯ ಡಾಕ್ಟರರು ಸ್ಟಿಲ್‌ಬೆಸ್ಟ್ರಾಲ್ ಬರೆದರು. ದಿನಕ್ಕೆ ಒಂದೇ ಮಾತ್ರೆ, ಒಂದು ಮಿಲಿಗ್ರಾಂ. ಹೆಚ್ಚಾದರೆ ರಕ್ತ ಹೆಪ್ಪುಗಟ್ಟೀತು ಎಂದು ಎಚ್ಚರಿಸಿದ್ದರು. ಚೀಟಿ ಹಿಡಿದು ಸಿರುಗುಪ್ಪದ ನನ್ನ ಮೆಡಿಕಲ್ ಶಾಪಿಗೆ ಬಂದ ಭೀಮರಾಜ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನಕ್ಕ.

"ಏನ್ಲೇ ವೀರೇಶಾ, ಸಾಸ್ವಿ ಕಾಳಿನಷ್ಟು ಐತಿ. ಇಷ್ಟರಾಗ ಏನಕ್ಕೈತಿ?"

ಇದು ಮೈಯಲ್ಲಿ ಹುಟ್ಟುವ ಹೆಣ್ಣಿನ ಹಾರ್ಮೋನಲ್ಲ, ಸ್ಟೀರಾಯ್ಡೂ ಅಲ್ಲ, ಆ ಹಾರ್ಮೋನಿನ ಕೆಲಸ ಮಾಡಲು ಕಾರ್ಖಾನೆಯಲ್ಲಿ ಮಾಡಿದ ನಕಲು. ಆದರೆ ನುಂಗಿದರೆ ಅಸಲಿಗಿಂತ ಜೋರು, ಗಾತ್ರ ನೋಡಬೇಡ ಎಂದು ತಿಳಿಸಿ ಹೇಳಿದೆ. ಕೇಳಿಸಿಕೊಳ್ಳಲು ಅವನಿಗೆ ಕಿವಿ ಎಲ್ಲಿತ್ತು?

ಮೊದಲು ಎರಡು ನುಂಗಿದ, ಆಮೇಲೆ ಐದು. ತಿಂಗಳ ಮಾತ್ರೆ ಎಂಟು ದಿನಕ್ಕೆ ಮುಗಿಸಿ ಮತ್ತೆ ಬಂದ. ಹೊಸ ಚೀಟಿ ಕೇಳಿದೆ. ಎದುರಿನ ಅಂಗಡಿಗೆ ಹೋಗುತ್ತೇನೆ ಎಂದ. ಕೊಟ್ಟೆ. ಎದೆ ಹೆಂಗಸರ ಹಾಗೆ ಉಬ್ಬಿದಾಗ, ಔಷಧ ಮೈಗೆ ಹತ್ತಿದೆ ಎಂದು ತನ್ನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅಂಗಿ ಗುಂಡಿ ಬಿಚ್ಚಿ ತೋರಿಸಿದ, ಭಂಡ. ಎಡಗಾಲು ಬಾತಾಗ ಎಣ್ಣೆ ತಿಕ್ಕಿಸಿಕೊಂಡನೇ ಹೊರತು ಮಾತ್ರೆ ಇಳಿಸಲಿಲ್ಲ.

ಮೂರನೇ ತಿಂಗಳು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸತ್ತ. ಆಸ್ಪತ್ರೆಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಹಿಡಿತಕ್ಕೆ ಬಂದಿತ್ತಂತೆ. ಅಳತೆ ಮೀರಿದವನಿಗೆ ಆಗಬೇಕಾದ್ದೇ ಆಯಿತು ಎಂದು ನಾನು ಎಲ್ಲರೆದುರು ಆಡಿಕೊಂಡೆ.

ಸೂತಕದ ದಿನಗಳು ಮುಗಿದ ಮೇಲೆ ಅವನ ಹೆಂಡತಿ ಹುಲುಗಮ್ಮ ನನ್ನ ಅಂಗಡಿಗೆ ಬಂದಳು. ಮಿಕ್ಕ ಮಾತ್ರೆಗಳನ್ನು ಗಾಜಿನ ಕೌಂಟರಿನ ಮೇಲಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂದಾ ಗುಳಿಗಿ ಸಾಕಿತ್ತಂತ, ಡಾಕ್ಟರು ಹೇಳಿದ್ರು. ಆತ ಮೊದ್ಲಿಂದ ಹಂಗಾ, ಬಿಡ್ರಿ. ನಿಮಗ ಗೊತ್ತಿತ್ತಲ್ರಿ ವೀರೇಶಪ್ಪ, ನೀವ್ಯಾಕ ಕೊಟ್ರಿ?"